ನಾಲ್ಕನೇ ಕ್ಲಾಸ್ ಮುಗಿದ ಮೇಲೆ ಎಲ್ಲಿಗೆ? ಗೋವಾದ ವಾಸ್ಕೋದಲ್ಲಿ ಶಾಲೆ ಹುಡುಕುವ ಕನ್ನಡದ ಮನೆಗಳಿಗೆ

"ಅಕ್ಕಾ, ಯಾವ ಸಾಲಿ ಚಲೋ ಅದ, ಒಂದು ಹೇಳ್ರಿ."

ಅಡ್ಮಿಷನ್ ಶುರುವಾಯಿತೆಂದರೆ ನಮ್ಮ ಮನೆ ಬಾಗಿಲಲ್ಲಿ ಇದೇ ಪ್ರಶ್ನೆ. ಬೈನಾದಿಂದ ಬರುತ್ತಾರೆ, ನ್ಯೂ ವಾಡೆಂನಿಂದ, ಸಡಾದಿಂದ, ಆಚೆ ಝುವಾರಿನಗರದಿಂದಲೂ ಬರುತ್ತಾರೆ. ಗೌಂಡಿ ಕೆಲಸದವರು, ಬಂದರಿನಲ್ಲಿ ಮಾಲು ಇಳಿಸುವವರು, ದಿನಕ್ಕೆ ನಾಲ್ಕು ಮನೆ ಪಾತ್ರೆ ತಿಕ್ಕುವ ಅಕ್ಕಂದಿರು. ಹೆಚ್ಚಿನವರು ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ಹಾವೇರಿ ಕಡೆಯವರು. ನನಗೆ ಮರಾಠಿ, ಇಂಗ್ಲಿಷ್ ಫಾರ್ಮ್ ತುಂಬಲು ಬರುತ್ತದೆ, ಅದಕ್ಕೆ ನನ್ನನ್ನು ಕೇಳುತ್ತಾರೆ.

ಮೊದಲೆಲ್ಲ ನಾನು ಯಾವುದೋ ಒಂದು ಶಾಲೆಯ ಹೆಸರು ಹೇಳಿ ಕಳಿಸುತ್ತಿದ್ದೆ. ಈಗ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಇಷ್ಟು ವರ್ಷ ಈ ಮಕ್ಕಳು ಎಲ್ಲಿ ಸೇರಿದರು, ಎಲ್ಲಿ ಬಿಟ್ಟರು ಅಂತ ಕಣ್ಣಾರೆ ನೋಡಿದ್ದೇನೆ. ನಾವು ಹೋಲಿಸುವುದು ಶಾಲೆಯ ಹೆಸರು, ಮಾಧ್ಯಮ ಮತ್ತು ಹತ್ತನೇ ಕ್ಲಾಸಿನ ರಿಸಲ್ಟನ್ನು. ಮಕ್ಕಳು ಎಡವುವುದು ಬೇರೆ ಜಾಗದಲ್ಲಿ, ನಾಲ್ಕನೇ ಕ್ಲಾಸಿನಿಂದ ಐದಕ್ಕೆ ದಾಟುವಾಗ. ಆ ದಾಟುವ ಜಾಗವನ್ನು ಯಾವ ಶಾಲೆಯ ಬೋರ್ಡಿನಲ್ಲೂ ಬರೆದಿರುವುದಿಲ್ಲ. ನನ್ನ ಪ್ರಕಾರ ಗೋವಾದಲ್ಲಿ ಶಾಲೆ ಹೋಲಿಸಲು ಕೂತವರು ಮೊದಲು ಅದನ್ನೇ ನೋಡಬೇಕು.

ಕರ್ನಾಟಕದಿಂದ ಬಂದವರಿಗೆ ಇಲ್ಲಿನ ಏರ್ಪಾಟು ಹೊಸದು. ನಮ್ಮ ಊರ ಕಡೆ ಕನ್ನಡ ಶಾಲೆ ಅಂದರೆ 1ರಿಂದ 5, ಇಲ್ಲಾ 1ರಿಂದ 7. ಗೋವಾದಲ್ಲಿ ಪ್ರಾಥಮಿಕ ಅಂದರೆ 1ರಿಂದ 4, ಅಷ್ಟೇ. ಐದನೇ ಕ್ಲಾಸಿಗೆ ಮಗು ಹೈಸ್ಕೂಲಿಗೆ ಹೋಗಬೇಕು. ಆ ಹೈಸ್ಕೂಲುಗಳಲ್ಲಿ ಸರ್ಕಾರಿ ಶಾಲೆಗಳೂ ಇವೆ, ಆದರೆ ಜಾಸ್ತಿ ಇರುವುದು ಅನುದಾನಿತ ಶಾಲೆಗಳು. ಅಂದರೆ ನಡೆಸುವುದು ಒಂದು ಸಂಸ್ಥೆ, ಟೀಚರ್ ಸಂಬಳ ಕೊಡುವುದು ಸರ್ಕಾರ. ಬಹುಪಾಲು ಹೈಸ್ಕೂಲುಗಳಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ.

ಇದರಿಂದ ಏನಾಗುತ್ತದೆ ನೋಡಿ. ಒಂಬತ್ತು, ಹತ್ತು ವರ್ಷದ ಮಗುವಿಗೆ ಒಂದೇ ಸಲಕ್ಕೆ ಶಾಲೆ ಬದಲಾಗುತ್ತದೆ, ಕಟ್ಟಡ ಬದಲಾಗುತ್ತದೆ, ಟೀಚರ್ ಬದಲಾಗುತ್ತಾರೆ, ಗಣಿತ ಕಲಿಯುವ ಭಾಷೆಯೂ ಬದಲಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಲೆಕ್ಕ ಹಾಕುವುದು 1ರಿಂದ 5 ಒಂದು ಹಂತ, 6ರಿಂದ 8 ಇನ್ನೊಂದು ಹಂತ ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3, 4, 5ನೇ ಕ್ಲಾಸನ್ನು ಒಂದೇ ಹಂತವಾಗಿ ನೋಡುತ್ತದೆ. ಕನಿಷ್ಠ 5ನೇ ಕ್ಲಾಸಿನವರೆಗೆ ಮನೆಮಾತಿನಲ್ಲಿ ಕಲಿಸಿ, ಸಾಧ್ಯವಾದರೆ 8ರವರೆಗೂ ಅನ್ನುತ್ತದೆ. ಇಲ್ಲಿ ಆ ಹಂತವನ್ನೇ ನಡುವೆ ಕತ್ತರಿಸಿದಂತಾಗಿದೆ. ಎರಡು ವರ್ಷ ಒಂದು ಶಾಲೆಯಲ್ಲಿ, ಮೂರನೇ ವರ್ಷ ಇನ್ನೊಂದರಲ್ಲಿ. ಮಗು ಹಿಂದೆ ಬಿದ್ದರೆ ಹೈಸ್ಕೂಲಿನವರು "ಪ್ರೈಮರಿಯಲ್ಲಿ ಕಲಿಸಿಲ್ಲ" ಅನ್ನುತ್ತಾರೆ. ಪ್ರೈಮರಿಯವರು "ನಮ್ಮಲ್ಲಿ ಚೆನ್ನಾಗಿಯೇ ಓದುತ್ತಿತ್ತು" ಅನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ನಡುವಿನ ಜಾಗಕ್ಕೆ ಮಾತ್ರ ಯಾರೂ ದಿಕ್ಕಿಲ್ಲ.

ಹೀಗೇಕಾಯಿತು ಅಂತ ತಿಳಿಯಲು ಗೋವಾದ ಮಾಧ್ಯಮದ ಜಗಳವನ್ನು ಸ್ವಲ್ಪ ನೋಡಬೇಕು. 1987ರಲ್ಲಿ ದೇವನಾಗರಿ ಲಿಪಿಯ ಕೊಂಕಣಿ ಇಲ್ಲಿನ ಆಡಳಿತ ಭಾಷೆಯಾಯಿತು. ಸರ್ಕಾರಿ ಕೆಲಸಕ್ಕೆ ಮರಾಠಿಗೂ ಜಾಗ ಸಿಕ್ಕಿತು. 1990ರ ಹೊತ್ತಿಗೆ ಸರ್ಕಾರ ಒಂದು ನೀತಿ ತಂದಿತು: ಪ್ರಾಥಮಿಕ ಹಂತದಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಕಲಿಸಿದರೆ ಮಾತ್ರ ಅನುದಾನ. ಆಗ ಚರ್ಚ್ ನಡೆಸುವ ಎಷ್ಟೋ ಶಾಲೆಗಳು ಪ್ರೈಮರಿಯನ್ನು ಕೊಂಕಣಿಗೆ ಬದಲಿಸಿದವು. 2011ರಲ್ಲಿ ದಿಗಂಬರ ಕಾಮತ್ ಸರ್ಕಾರ ಇಂಗ್ಲಿಷ್ ಮಾಧ್ಯಮದ ಪ್ರೈಮರಿಗೂ ಅನುದಾನ ಕೊಟ್ಟಿತು. 2012ರಲ್ಲಿ ಬಂದ ಮನೋಹರ ಪರಿಕ್ಕರ್ ಸರ್ಕಾರ ಅದನ್ನು ನಿಲ್ಲಿಸಲಿಲ್ಲ. ಮಾತೃಭಾಷೆ ಪರ ಹೋರಾಡಿದವರು ಸಿಟ್ಟಾದರು. ಆ ಸಿಟ್ಟು 2016ರ ಹೊತ್ತಿಗೆ ರಾಜಕೀಯವನ್ನೇ ಅಲ್ಲಾಡಿಸಿತು.

ಇತ್ತ ಕರ್ನಾಟಕದಲ್ಲೂ ಇದೇ ಹೊತ್ತಿನಲ್ಲಿ ಇದೇ ವಾದ ನಡೆದಿತ್ತು, ಅಲ್ವಾ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ತಂದೆತಾಯಿಯದು ಅಂದಿತು. 2019ರಲ್ಲಿ ಕರ್ನಾಟಕ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು.

ಗೋವಾದ ಜಗಳ ಕೊಂಕಣಿ, ಮರಾಠಿ, ಇಂಗ್ಲಿಷ್ ಈ ಮೂರರ ನಡುವಿನದು. ಕನ್ನಡದ ಮಕ್ಕಳು ಆ ಮಾತುಕತೆಯಲ್ಲಿ ಎಲ್ಲೂ ಇರಲಿಲ್ಲ. 2011ರ ಜನಗಣತಿಯಲ್ಲಿ ಗೋವಾದ 14.58 ಲಕ್ಷ ಜನರಲ್ಲಿ ಸುಮಾರು 68 ಸಾವಿರ ಜನ ತಮ್ಮ ತಾಯ್ನುಡಿ ಕನ್ನಡ ಅಂತ ಬರೆಸಿದ್ದಾರೆ. ನೂರಕ್ಕೆ ನಾಲ್ಕೂವರೆಗಿಂತ ಜಾಸ್ತಿ. ಕೊಂಕಣಿ, ಮರಾಠಿ, ಹಿಂದಿ ಆದಮೇಲೆ ನಮ್ಮದೇ. ವಾಸ್ಕೋ ಇರುವ ಮುರ್ಗಾಂವ್ ತಾಲ್ಲೂಕಿನಲ್ಲಿ ನಮ್ಮವರು ಇನ್ನೂ ದಟ್ಟ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇರುವುದು ಯಾರದೋ ದಯೆಯಿಂದ ಅಲ್ಲ ಅನ್ನುವುದನ್ನು ನಮ್ಮ ಜನ ಮರೆಯಬಾರದು.

ಹಾಗಾದರೆ ವಾಸ್ಕೋದಲ್ಲಿ ಒಂದನೇ ಕ್ಲಾಸಿಗೆ ನಮ್ಮ ಮನೆಗಳ ಮುಂದೆ ಇರುವ ದಾರಿ ಮುಖ್ಯವಾಗಿ ಮೂರು. ಕನ್ನಡ ಮಾಧ್ಯಮದ ಶಾಲೆ, ಮರಾಠಿ ಅಥವಾ ಕೊಂಕಣಿ ಮಾಧ್ಯಮದ ಸರ್ಕಾರಿ ಶಾಲೆ, ಅನುದಾನಿತ ಇಂಗ್ಲಿಷ್ ಶಾಲೆ. ಮುಸ್ಲಿಂ ಮನೆಗಳಲ್ಲಿ ಕೆಲವರು ಉರ್ದು ಶಾಲೆಯನ್ನೂ ನೋಡುತ್ತಾರೆ.

ಕನ್ನಡ ಶಾಲೆಯ ಬಗ್ಗೆ ಮೊದಲು ಕೇಳಿಬರುವ ಮಾತು, "ಅಲ್ಲಿ ಹುಡುಗರೇ ಇಲ್ಲ, ಅಂದಮೇಲೆ ಸಾಲಿ ಸರಿ ಇಲ್ಲ." ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಲು ಪಾಠ ಕೆಡುವುದೊಂದೇ ಕಾರಣ ಆಗಬೇಕಿಲ್ಲ. 2004ರ ಜೂನ್‌ನಲ್ಲಿ ಬೈನಾ ಕಡಲತೀರದ ಗುಡಿಸಲು, ಮನೆಗಳನ್ನು ಕೆಡವಿದರು. 2015ರಲ್ಲಿ ಅಲ್ಲೇ ಮತ್ತೊಮ್ಮೆ ಮನೆಗಳು ಬಿದ್ದವು. 2012ರಲ್ಲಿ ಗೋವಾದ ಅದಿರು ಗಣಿ ಕೆಲಸ ನಿಂತಿತು, 2018ರಲ್ಲಿ ಮತ್ತೆ ನಿಂತಿತು. ಮನೆ ಹೋದವರು, ಕೆಲಸ ಹೋದವರು ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ. ಕೆಲವರು ಊರಿನ ಬಸ್ ಹತ್ತುತ್ತಾರೆ, ಕೆಲವರು ಗುಡ್ಡದ ಆಚೆ ಬಾಡಿಗೆ ಮನೆ ಹಿಡಿಯುತ್ತಾರೆ. ಶಾಲೆ ಮಾತ್ರ ಇದ್ದ ಜಾಗದಲ್ಲೇ ಇರುತ್ತದೆ. ಹಾಜರಿ ಪುಸ್ತಕ ತೆಳುವಾದದ್ದಕ್ಕೆ ಟೀಚರನ್ನು ದೂರುವ ಮೊದಲು ಆ ಓಣಿಗೆ ಏನಾಯಿತು ಅಂತ ಕೇಳಬೇಕು.

ಇದರ ಉಲ್ಟಾ ವಾದವೂ ಇದೆ. "24 ಹುಡುಗರಿಗೆ ಇಬ್ಬರು ಟೀಚರ್, ಅಂದರೆ 12ಕ್ಕೆ ಒಬ್ಬರು. ಇದಕ್ಕಿಂತ ಚಲೋ ಎಲ್ಲಿ ಸಿಗ್ತದ?" ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಪ್ರೈಮರಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು, ಅಲ್ಲಿಂದ ಮುಂದೆ ಸುಮಾರು 30 ಮಕ್ಕಳಿಗೆ ಒಬ್ಬರಂತೆ ಏರುತ್ತದೆ. ಹಾಗೆ ನೋಡಿದರೆ 12ಕ್ಕೆ ಒಬ್ಬರು ಬಹಳ ಒಳ್ಳೆಯದೇ. ಆದರೆ ಇಬ್ಬರು ಟೀಚರ್, ನಾಲ್ಕು ಕ್ಲಾಸ್. ಒಬ್ಬೊಬ್ಬರು ಎರಡೆರಡು ಕ್ಲಾಸ್ ಕೂಡಿಸಿ ನಡೆಸಬೇಕು. ಕಾಯ್ದೆ ಹೇಳುವ ಪ್ರಕಾರ ಪ್ರೈಮರಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ದಿನಕ್ಕೆ 4 ಗಂಟೆ ಆಯಿತು. ಎರಡು ಕ್ಲಾಸಿಗೆ ಹಂಚಿದರೆ ಒಂದೊಂದು ಕ್ಲಾಸಿಗೆ ಟೀಚರ್ ಮುಖಾಮುಖಿ ಸಿಗುವುದು 2 ಗಂಟೆ.

ಅಯ್ಯೋ, ಅರ್ಧಕ್ಕರ್ಧ ಹೋಯಿತಲ್ಲ ಅನ್ನಿಸುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲೆಕ್ಕ ಹಾಕಿ. ಆ 2 ಗಂಟೆ ಆರು ಮಕ್ಕಳಿಗೆ ಹಂಚಿಹೋದರೆ ಒಂದು ಮಗುವಿಗೆ 20 ನಿಮಿಷ. 40 ಮಕ್ಕಳು ತುಂಬಿದ ಒಂದೇ ಕ್ಲಾಸಿಗೆ ಪೂರ್ತಿ 4 ಗಂಟೆ ಟೀಚರ್ ಇದ್ದರೂ ಒಂದು ಮಗುವಿನ ಪಾಲಿಗೆ ಬರುವುದು 6 ನಿಮಿಷ. ಹಾಗಾಗಿ ಸಣ್ಣ ಶಾಲೆ ಅಂದಕೂಡಲೇ ಕೆಟ್ಟದ್ದು ಅಂತಲೂ ಇಲ್ಲ, ಒಳ್ಳೆಯದು ಅಂತಲೂ ಇಲ್ಲ. ಟೀಚರ್ 3ನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುವಾಗ ಪಕ್ಕದ 4ನೇ ಕ್ಲಾಸಿನ ಮಕ್ಕಳು ಏನು ಮಾಡುತ್ತಿದ್ದಾರೆ? ಇದನ್ನು ನೋಡಿದರೆ ಸಾಕು. ಬೋರ್ಡ್ ಮೇಲಿನದನ್ನು ಸುಮ್ನೆ ನಕಲು ಮಾಡುತ್ತಿದ್ದರೆ ಆ 2 ಗಂಟೆ ನೀರಿಗೆ ಹೋಯಿತು. ಇಬ್ಬಿಬ್ಬರು ಕೂತು ಒಬ್ಬರಿಗೊಬ್ಬರು ಓದಿಸುತ್ತಿದ್ದರೆ, ಕಡ್ಡಿ, ಬೀಜ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದರೆ, ಅಲ್ಲಿ ಯಾರೋ ತಲೆ ಓಡಿಸಿದ್ದಾರೆ ಅಂತ ಅರ್ಥ. ಬಾಗಿಲ ಹತ್ತಿರ ಹತ್ತು ನಿಮಿಷ ನಿಂತರೆ ಇದು ಗೊತ್ತಾಗುತ್ತದೆ. ಅಕ್ಷರ ಬರದ ತಾಯಿಗೂ ಗೊತ್ತಾಗುತ್ತದೆ.

ಮರಾಠಿ, ಕೊಂಕಣಿ ಮಾಧ್ಯಮಕ್ಕೆ ಬೇರೆಯೇ ಬಲ ಇದೆ. ಗೋವಾದಲ್ಲಿ ಸರ್ಕಾರಿ ನೌಕರಿಗೆ ಕೊಂಕಣಿ ಬರಲೇಬೇಕು, ಮರಾಠಿ ಬಂದರೆ ಒಳ್ಳೆಯದು. ಇಲ್ಲೇ ಬೇರು ಬಿಡಬೇಕು ಅಂದುಕೊಂಡ ಮನೆಗೆ ಇದು ಸಣ್ಣ ಮಾತಲ್ಲ. ಓಣಿಯಲ್ಲಿ ಆಡುತ್ತಾ ಮಕ್ಕಳು ಕೊಂಕಣಿ ಕಲಿತುಬಿಡುತ್ತಾರೆ. ಶಾಲೆಯಲ್ಲಿ ದೇವನಾಗರಿ ಬಂದರೆ ಹಿಂದಿಯೂ ಸಲೀಸು. ತೊಂದರೆ ಇರುವುದು ಮನೆಯಲ್ಲಿ. ಅವ್ವನಿಗೆ ಕನ್ನಡ ಓದಲು ಸ್ವಲ್ಪ ಬಂದರೂ ಮಗಳ ಪುಸ್ತಕ ಅವಳಿಗೆ ಮುಚ್ಚಿದ ಪೆಟ್ಟಿಗೆ.

ಇನ್ನು ಅನುದಾನಿತ ಇಂಗ್ಲಿಷ್ ಶಾಲೆ. ಕೈಯಲ್ಲಿ ನಾಲ್ಕು ಕಾಸು ಉಳಿಯುವ ಮನೆಯವರೆಲ್ಲ ಮೊದಲು ಹೋಗಿ ನಿಲ್ಲುವುದು ಅಲ್ಲೇ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಐದನೇ ಕ್ಲಾಸಿನ ಗೋಡೆ ಅಲ್ಲಿ ಇಲ್ಲ. ಒಂದೇ ಕ್ಯಾಂಪಸ್ಸಿನಲ್ಲಿ ಹತ್ತರವರೆಗೂ ಓದಬಹುದು. ಆದರೆ ಇಂಗ್ಲಿಷ್ ಗೊತ್ತಿರುವ ಮನೆಯ ಮಗುವಿಗೂ ನಮ್ಮ ಗೌಂಡಿಯ ಮಗುವಿಗೂ ಅಲ್ಲಿ ಒಂದನೇ ದಿನದಿಂದಲೇ ಅಂತರ ಶುರುವಾಗುತ್ತದೆ. ಐದನೇ ಕ್ಲಾಸಿನಲ್ಲಿ ಸಿಗುವ ಗೋಡೆ ಆ ಮಗುವಿಗೆ ಒಂದನೇ ಕ್ಲಾಸಿನಲ್ಲೇ ಸಿಕ್ಕಿತು ಅಂತಲೇ ಹೇಳಬೇಕು. ಅದನ್ನು ಹತ್ತಿಸಲು ಟ್ಯೂಷನ್. ನಮ್ಮ ಓಣಿಯಲ್ಲಿ ತಿಂಗಳಿಗೆ 500 ರೂಪಾಯಿ ಕೊಟ್ಟು ಎರಡನೇ ಕ್ಲಾಸಿನ ಮಗುವನ್ನು ಕಳಿಸುವವರಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ ಪುಕ್ಕಟೆ, ಮಧ್ಯಾಹ್ನದ ಊಟ ಪುಕ್ಕಟೆ ಅಂತ ಉಳಿಯುವ ದುಡ್ಡು ಇಲ್ಲಿ ಹೀಗೆ ಹೋಗುತ್ತದೆ.

ಹೋದ ವರ್ಷ ಒಂದು ಭಾನುವಾರ ನಮ್ಮ ಮನೆ ಮೆಟ್ಟಿಲ ಮೇಲೆ ಮೂರು ಮಕ್ಕಳು ಕೂತಿದ್ದರು. ಮೂವರೂ ನಾಲ್ಕನೇ ಕ್ಲಾಸ್, ಮೂರು ಬೇರೆ ಬೇರೆ ಶಾಲೆ. ನಾನು ಅವರವರ ಪುಸ್ತಕದಿಂದ ಒಂದೊಂದು ಪುಟ ಓದಿ ಅಂದೆ.

ಇಂಗ್ಲಿಷ್ ಶಾಲೆಯ ಹುಡುಗ ಗಡಗಡ ಓದಿದ. ಎಲ್ಲೂ ನಿಲ್ಲಲಿಲ್ಲ. ಅವನ ಅಪ್ಪನ ಮುಖ ಅರಳಿತು. ಆ ಪುಟದಲ್ಲಿ "ದ ವೆಲ್ ವಾಸ್ ಡ್ರೈ" ಅಂತ ಒಂದು ಸಾಲಿತ್ತು. ನಾನು ಕನ್ನಡದಲ್ಲೇ ಕೇಳಿದೆ, "ಬಾವಿಯಾಗ ನೀರಿತ್ತೇನಪ್ಪಾ?" ಅವನು ಸ್ವಲ್ಪ ಯೋಚಿಸಿ, "ಇತ್ತರಿ ಆಂಟಿ" ಅಂದ.

ಮರಾಠಿ ಶಾಲೆಯ ಹುಡುಗಿ ಚೆನ್ನಾಗಿ ಓದಿದಳು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಮೂವರಲ್ಲಿ ಅವಳೇ ಗಟ್ಟಿ. ಅವಳ ಅವ್ವ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. "ಏನ್ ಓದಿದ್ಲೋ ನನಗ ತಿಳೀಲಿಲ್ಲ. ಹೋದ ತಿಂಗಳು ಬಸ್ ಸ್ಟ್ಯಾಂಡಿನಾಗ ಬೋರ್ಡ್ ನೋಡಿ ಹುಬ್ಬಳ್ಳಿ ಬಸ್ ಯಾವ್ದು ಅಂತ ಕೇಳಿದ್ರ ಇಕೀಗೆ ಕನ್ನಡ ಓದಾಕ ಬರಲಿಲ್ಲ" ಅಂದಳು. ಬೈದು ಹೇಳಿದ್ದಲ್ಲ. ಮೆಲ್ಲಗೆ ಹೇಳಿದಳು, ಮಗಳ ಜಡೆ ಸರಿ ಮಾಡುತ್ತಾ.

ಕನ್ನಡ ಶಾಲೆಯ ಹುಡುಗ ನಿಧಾನ. ಒತ್ತಕ್ಷರ ಬಂದಲ್ಲೆಲ್ಲ ನಿಂತ. ಆದರೆ ಪುಸ್ತಕ ಮುಚ್ಚಿಟ್ಟು ಕಥೆ ಹೇಳು ಅಂದಾಗ ಅವನದೇ ಒಂದು ಕಥೆ ಹುಟ್ಟಿತು. ಅಜ್ಜನ ಊರಿನ ಬೋರ್‌ವೆಲ್ಲನ್ನೂ ಅದರಲ್ಲಿ ಸೇರಿಸಿದ. ಆಮೇಲೆ ನಾನು ಇಂಗ್ಲಿಷ್ ಪುಸ್ತಕದ ಒಂದು ಸಾಲು ತೋರಿಸಿದೆ. ಅಕ್ಷರ ಅಕ್ಷರ ಕೂಡಿಸಿದ, ಶಬ್ದ ಆಗಲಿಲ್ಲ. ತಲೆ ತಗ್ಗಿಸಿದ. ಅವನು ಎರಡು ತಿಂಗಳಲ್ಲಿ ಐದನೇ ಕ್ಲಾಸಿಗೆ ಹೋಗಬೇಕಿತ್ತು.

ಮೂರು ಮಕ್ಕಳನ್ನು ನೋಡಿ ಮೂರು ಶಾಲೆಗೆ ಮಾರ್ಕ್ಸ್ ಕೊಡಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಒಂದು ಕಣ್ಣಿಗೆ ಬಿತ್ತು. ಒಬ್ಬನಿಗೆ ಓದು ಬಂದಿದೆ, ಅರ್ಥ ಬಂದಿಲ್ಲ. ಒಬ್ಬನಿಗೆ ಅರ್ಥ ಬರುತ್ತದೆ, ಮುಂದಿನ ಭಾಷೆ ಬಂದಿಲ್ಲ. ಒಬ್ಬಳಿಗೆ ಎರಡೂ ಬಂದಿದೆ, ಮನೆಯವರಿಗೆ ಅವಳ ಪುಸ್ತಕ ಓದಲು ಬರುವುದಿಲ್ಲ. ಈ ಮೂವರೂ ಐದನೇ ಕ್ಲಾಸಿಗೆ ಒಂದೇ ಹೈಸ್ಕೂಲಿನ ಒಂದೇ ಬೆಂಚಿಗೆ ಬಂದು ಕೂರಬಹುದು. ಆಗ ಟೀಚರ್ ಬೋರ್ಡ್ ಮೇಲೆ 'ಫ್ರಾಕ್ಷನ್' ಅಂತ ಬರೆಯುತ್ತಾರೆ. ಒಬ್ಬನಿಗೆ ಆ ಶಬ್ದ ಗೊತ್ತು. ಒಬ್ಬಳು ಅದನ್ನು 'ಅಪೂರ್ಣಾಂಕ' ಅಂತ ಕಲಿತಿದ್ದಾಳೆ. ಒಬ್ಬನು 'ಭಿನ್ನರಾಶಿ' ಅಂತ ಕಲಿತಿದ್ದಾನೆ. ಮೂವರಿಗೂ ರೊಟ್ಟಿಯನ್ನು ನಾಲ್ಕು ಭಾಗ ಮಾಡಲು ಬರುತ್ತದೆ. ಲೆಕ್ಕ ಬರುತ್ತಿದ್ದರೂ ಶಬ್ದ ಗೊತ್ತಿಲ್ಲದ್ದಕ್ಕೆ ಮಗುವನ್ನು ದಡ್ಡ ಅನ್ನುವುದಿದೆಯಲ್ಲ, ಅದು ನನಗೆ ತಡೆಯಲಾಗುವುದಿಲ್ಲ.

ಓದು ಬರುತ್ತದೋ ಇಲ್ಲವೋ ಅಂತ ನೋಡಲು ದೊಡ್ಡ ಪರೀಕ್ಷೆ ಬೇಡ. ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸುವ ಅಸರ್ ಸಮೀಕ್ಷೆಯಲ್ಲಿ ಮನೆಗೇ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅಕ್ಷರ, ಶಬ್ದ, ನಾಲ್ಕು ಸಾಲು, ಆಮೇಲೆ ಎರಡನೇ ಕ್ಲಾಸಿನ ಮಟ್ಟದ ಒಂದು ಸಣ್ಣ ಕಥೆ. ಗಣಿತಕ್ಕೆ ಎರಡಂಕಿಯ ಕಳೆಯುವ ಲೆಕ್ಕ, ಒಂದು ಭಾಗಾಕಾರ. 2024ರಲ್ಲಿ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಆ ಎರಡನೇ ಕ್ಲಾಸಿನ ಕಥೆ ಓದಿದವರು ಶೇ 23.4. ಎರಡು ವರ್ಷದ ಹಿಂದೆ, ಕೋವಿಡ್ ಆದ ಮೇಲೆ, ಅದು ಶೇ 16.3 ಇತ್ತು. ಏರಿದೆ, ಆದರೂ ನಾಲ್ಕರಲ್ಲಿ ಮೂರು ಮಕ್ಕಳು ಓದಲಾರರು. ಇದು ಹಳ್ಳಿಗಳ ಲೆಕ್ಕ, ವಾಸ್ಕೋದ್ದಲ್ಲ. ಇದನ್ನು ಹೇಳಿದ್ದು ಅಳೆಯುವ ದಾರಿ ಎಷ್ಟು ಸರಳ ಅಂತ ತೋರಿಸಲು.

2021ರಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆಯೂ ಒಂದು ಗುರಿ ಇಟ್ಟಿದೆ: ಮೂರನೇ ಕ್ಲಾಸ್ ಮುಗಿಯುವಾಗ ಮಗು ಅರ್ಥ ಮಾಡಿಕೊಂಡು ನಿಮಿಷಕ್ಕೆ ಕನಿಷ್ಠ 60 ಶಬ್ದ ಓದಬೇಕು. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ಯಾರು ಬೇಕಾದರೂ ನೋಡಬಹುದು. ಒಂದು ಎಚ್ಚರ ಮಾತ್ರ ಬೇಕು. ಕನ್ನಡದಲ್ಲಿ 'ಮನೆಯಲ್ಲಿದ್ದವರಿಗೆಲ್ಲ' ಅನ್ನುವುದು ಒಂದೇ ಶಬ್ದ. ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಐದಾರು ಶಬ್ದ ಬೇಕು. ಹಾಗಾಗಿ ಕನ್ನಡ ಶಾಲೆಯ ಮಗುವಿನ 40ನ್ನು ಇಂಗ್ಲಿಷ್ ಶಾಲೆಯ ಮಗುವಿನ 60ರ ಪಕ್ಕ ಇಟ್ಟು ತೂಗಬಾರದು. ಅದೇ ಶಾಲೆಯ, ಅದೇ ಭಾಷೆಯ ಎರಡು ಮಕ್ಕಳನ್ನು ನೋಡಿ. ಅದೇ ಮಗುವನ್ನು ಆರು ತಿಂಗಳ ಮೇಲೆ ಮತ್ತೆ ನೋಡಿ.

ಈಗ ಹತ್ತನೇ ಕ್ಲಾಸಿನ ರಿಸಲ್ಟಿಗೆ ಬರೋಣ. ಜನ ಜಾಸ್ತಿ ನಂಬುವುದು ಇದನ್ನೇ. ಗೋವಾ ಬೋರ್ಡಿನ ಹತ್ತನೇ ಪರೀಕ್ಷೆಯಲ್ಲಿ ಈಚಿನ ವರ್ಷಗಳಲ್ಲಿ ಪಾಸಾಗುವವರು ಶೇ 90ರ ಮೇಲೆ. ಇಡೀ ರಾಜ್ಯವೇ ಅಲ್ಲಿರುವಾಗ ಒಂದು ಶಾಲೆ 94, ಇನ್ನೊಂದು 97 ಅಂತ ಬ್ಯಾನರ್ ಕಟ್ಟಿದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. 12 ಮಕ್ಕಳು ಕೂತ ಶಾಲೆಯಲ್ಲಿ ಒಬ್ಬ ನಪಾಸಾದರೆ ರಿಸಲ್ಟ್ ಶೇ 8 ಇಳಿಯುತ್ತದೆ. 120 ಮಕ್ಕಳ ಶಾಲೆಯಲ್ಲಿ ಒಬ್ಬ ನಪಾಸಾದರೆ ಶೇ 1 ಕೂಡ ಇಳಿಯುವುದಿಲ್ಲ. ಇನ್ನೂ ಮುಖ್ಯವಾದ ಒಂದು ಪ್ರಶ್ನೆ ಇದೆ. ಈ ವರ್ಷ ಹತ್ತನೇ ಪರೀಕ್ಷೆಗೆ ಕೂತವರು ಎಷ್ಟು, ಎರಡು ವರ್ಷದ ಹಿಂದೆ ಅದೇ ಶಾಲೆಯ ಎಂಟನೇ ಕ್ಲಾಸಿನಲ್ಲಿ ಇದ್ದವರು ಎಷ್ಟು? ಎಂಟರಲ್ಲಿ 80 ಇದ್ದು ಹತ್ತರಲ್ಲಿ 58 ಕೂತು, ಆ 58ಕ್ಕೆ 58 ಪಾಸಾದರೆ ಬ್ಯಾನರಿನ ಮೇಲೆ ನೂರಕ್ಕೆ ನೂರು ಅಂತ ಬರುತ್ತದೆ. ಉಳಿದ 22 ಮಕ್ಕಳು ಎಲ್ಲಿ ಹೋದರು? ಒಂಬತ್ತರಲ್ಲಿ ಕೂರಿಸಿದರೋ, ಬೇರೆ ಶಾಲೆಗೆ ಕಳಿಸಿದರೋ, ಟೈಲ್ಸ್ ಕೆಲಸಕ್ಕೆ ಹೋದರೋ? ನಾನು ಕಂಡ ಕನ್ನಡದ ಹುಡುಗರು ಮಾಯವಾಗುವುದು ಹೆಚ್ಚಾಗಿ ಈ ಎಂಟು, ಒಂಬತ್ತರಲ್ಲೇ. ಕೇಳಿದರೆ ಸುಳಿವು ಐದನೇ ಕ್ಲಾಸಿಗೇ ಹೋಗಿ ಮುಟ್ಟುತ್ತದೆ. "ಅವಾಗಿಂದ ತಿಳೀಲಿಲ್ಲರಿ" ಅನ್ನುತ್ತಾರೆ.

ಈ ಅಂಕಿಗಳಲ್ಲಿ ಕೆಲವು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ನಂಬರ್ ಇದೆ. ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ತಾಣದಲ್ಲಿ ಆ ಶಾಲೆಯ ರಿಪೋರ್ಟ್ ಕಾರ್ಡ್ ತೆರೆಯಬಹುದು. ಕ್ಲಾಸಿಗೆ ಎಷ್ಟು ಮಕ್ಕಳು, ಎಷ್ಟು ಟೀಚರ್, ಶೌಚಾಲಯ, ಕರೆಂಟು, ಲೈಬ್ರರಿ ಎಲ್ಲ ಅಲ್ಲಿರುತ್ತದೆ. ಒಂದನೇ ಕ್ಲಾಸಿನ ಸಂಖ್ಯೆ, ನಾಲ್ಕನೇ ಕ್ಲಾಸಿನ ಸಂಖ್ಯೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಎರಡು ಮೂರು ವರ್ಷದ್ದು ನೋಡಿ. ಶಾಲೆ ಮಕ್ಕಳನ್ನು ಉಳಿಸಿಕೊಳ್ಳುತ್ತಿದೆಯೋ ಇಲ್ಲವೋ ಅಂತ ಅಂದಾಜು ಸಿಗುತ್ತದೆ. ಅಲ್ಲಿ 'ಶೌಚಾಲಯ ಇದೆ' ಅಂತಿದ್ದರೂ ನಲ್ಲಿಯಲ್ಲಿ ನೀರು ಬರುತ್ತದಾ ಅಂತ ಹೋಗಿಯೇ ನೋಡಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಬಿಡಲೇಬಾರದು.

ಹೋಲಿಸಿ, ಆರಿಸಿ, ಫಾರ್ಮ್ ತುಂಬಿ ಹೋದರೂ ಬಾಗಿಲಲ್ಲೇ ತಡೆಯುವವರಿದ್ದಾರೆ. ಕೆಲವು ವರ್ಷದ ಹಿಂದೆ ಒಬ್ಬ ಗೌಂಡಿ ಅಣ್ಣನ ಮಗಳ ಫಾರ್ಮನ್ನು ಒಂದು ಶಾಲೆಯ ಕಿಟಕಿಯಲ್ಲಿ ವಾಪಸ್ ಕೊಟ್ಟರು. ಜನನ ಪತ್ರ ಇಲ್ಲ ಅಂತ. ಮಗು ಹುಟ್ಟಿದ್ದು ಊರಲ್ಲಿ, ಮನೆಯಲ್ಲೇ. ಕಾಗದ ಮಾಡಿಸಲು ಊರಿಗೆ ಎರಡು ಸಲ ಓಡಾಡಿದರು. ಅಷ್ಟರಲ್ಲಿ ಸೀಟು ತುಂಬಿತು, ಒಂದು ವರ್ಷ ಹೋಯಿತು. ನನಗೂ ಆಗ ಗೊತ್ತಿರಲಿಲ್ಲ, ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಸ್ಪಷ್ಟವಾಗಿದೆ: ವಯಸ್ಸಿನ ಪುರಾವೆ ಇಲ್ಲ ಅಂತ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತಲೂ ನಿಲ್ಲಿಸುವಂತಿಲ್ಲ. 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ, ಅಪ್ಪ ಅವ್ವನನ್ನಾಗಲಿ ಇಂಟರ್‌ವ್ಯೂ ಮಾಡಿ ಆರಿಸುವಂತಿಲ್ಲ. ಮಾಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೂ 50,000ವರೆಗೆ. "ನಿಮಗೆ ಇಂಗ್ಲಿಷ್ ಬರ್ತದಾ?" ಅಂತ ತಾಯಿಯನ್ನು ಕೇಳಿ ಫಾರ್ಮ್ ಪಕ್ಕಕ್ಕಿಟ್ಟರೆ ಅದೂ ಆರಿಸುವುದೇ. ಈ ಮೂರು ನಂಬರ್‌ಗಳನ್ನು ಈಗ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ನಮ್ಮವರಿಗೆ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ದಾರಿಯೂ ಇದೆ. ವಾಸ್ಕೋದಲ್ಲಿ ಕೇಂದ್ರೀಯ ವಿದ್ಯಾಲಯ ಇದೆ. ಅದು ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಅಂತ ನಾವು ಆ ಕಡೆ ನೋಡುವುದೇ ಇಲ್ಲ. ಒಂದನೇ ಕ್ಲಾಸಿನ ಶೇ 25 ಸೀಟು ಶಿಕ್ಷಣ ಹಕ್ಕು ಕಾಯ್ದೆಯಡಿ ಲಾಟರಿಯಲ್ಲಿ ಹಂಚುತ್ತಾರೆ. ಸೀಟು ಕಡಿಮೆ, ಅರ್ಜಿ ಜಾಸ್ತಿ, ಸಿಗುವ ಭರವಸೆ ಇಲ್ಲ. ಆದರೂ ಅರ್ಜಿ ಹಾಕಲು ಏನು ತೊಂದರೆ?

ಇಷ್ಟೆಲ್ಲ ಆದಮೇಲೂ ಜನ ಬಿಡುವುದಿಲ್ಲ. "ಅಕ್ಕಾ, ಅದೆಲ್ಲಾ ಖರೆ, ನಿಮ್ಮ ಮಗಳಾಗಿದ್ರ ಎಲ್ಲಿ ಹಾಕ್ತಿದ್ರಿ?" ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ದಿನಾ ಸಂಜೆ ಮಗುವಿನ ಪಕ್ಕ ಕೂತು ಇಂಗ್ಲಿಷ್ ಓದಿಸುವವರು ಮನೆಯಲ್ಲಿ ಇದ್ದರೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಶಾಲೆ ನಡೆದೀತು. ಇಲ್ಲದಿದ್ದರೆ ನಾಲ್ಕರವರೆಗೆ ಮಗುವಿಗೆ ಅರ್ಥವಾಗುವ ಭಾಷೆಯ ಸರ್ಕಾರಿ ಶಾಲೆ, ಕನ್ನಡವೋ ಮರಾಠಿಯೋ. ಆದರೆ ಆ ಟೀಚರ್ ಇಂಗ್ಲಿಷನ್ನು ಒಂದು ವಿಷಯವಾಗಿ ದಿನಾ ಕಲಿಸುತ್ತಾರಾ ಅಂತ ಮೊದಲು ಕೇಳಬೇಕು. ಮೂರನೇ ಕ್ಲಾಸಿನಿಂದಲೇ ಐದರ ತಯಾರಿ ನಡೆಯಬೇಕು. ವರ್ಷ ವರ್ಷ ಊರಿಗೂ ಗೋವಾಕ್ಕೂ ಓಡಾಡುವ ಮನೆಯಾದರೆ ಕನ್ನಡವೇ ಸರಿ. ಅಲ್ಲಿ ಹೋದಾಗಲೂ ಮಗುವಿನ ಓದು ತಪ್ಪುವುದಿಲ್ಲ.

ನಮ್ಮ ಓಣಿಯ ಕೈಮೀರಿದ ಕೆಲಸವೂ ಇದೆ, ಅದನ್ನು ಸರ್ಕಾರ ಮಾಡಬೇಕು. ಸರ್ಕಾರಿ ಪ್ರೈಮರಿಗೆ ಐದನೇ ಕ್ಲಾಸ್ ಸೇರಿಸುವುದು ಒಂದು. ಅದು ಆಗುವವರೆಗೆ ಐದನೇ ಕ್ಲಾಸಿನ ಮೊದಲ ಮೂರು ತಿಂಗಳನ್ನು ಭಾಷೆ ದಾಟಿಸಲು ಬಿಟ್ಟುಕೊಡುವುದು ಇನ್ನೊಂದು. ಸರ್ಕಾರಿ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಲೇಬೇಕು. ಅದರಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅರ್ಧದಷ್ಟು ಹೆಂಗಸರು. ನಮ್ಮ ಅಕ್ಕಂದಿರು ಕೆಲಸ ಬಿಟ್ಟು ಮೀಟಿಂಗಿಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ, ಅದಕ್ಕೆ ಹೋಗುವುದಿಲ್ಲ. ಮೀಟಿಂಗನ್ನು ಭಾನುವಾರಕ್ಕೆ ಇಡಿ ಅಂತ ಕೇಳುವುದರಿಂದ ಶುರು ಮಾಡಬಹುದು.

ಮೆಟ್ಟಿಲ ಮೇಲೆ ಓದಿದ ಆ ಮರಾಠಿ ಶಾಲೆಯ ಹುಡುಗಿ ಈಗ ಐದನೇ ಕ್ಲಾಸ್. ಹೈಸ್ಕೂಲಿಗೆ ಸೇರಿಸಲು ಅವಳ ಅವ್ವನ ಜೊತೆ ನಾನೂ ಹೋಗಿದ್ದೆ. ಅವ್ವ ರಿಸಲ್ಟ್ ಕೇಳಲಿಲ್ಲ. ನಾವು ಮೊದಲೇ ಮಾತಾಡಿಕೊಂಡಂತೆ, ಮರಾಠಿ ಸಾಲಿಯಿಂದ ಬಂದ ಹುಡುಗರಿಗೆ ಮೊದಲ ಮೂರು ತಿಂಗಳು ಏನು ಮಾಡ್ತೀರಿ ಅಂತ ತನಗೆ ಬಂದ ಕೊಂಕಣಿಯಲ್ಲೇ ಕೇಳಿದಳು. ಹೆಡ್ ಟೀಚರ್ ಒಂದು ಕ್ಷಣ ಅವಳನ್ನೇ ನೋಡಿ, ಗಣಿತದ ಟೀಚರನ್ನು ಕರೆಸಿದರು. ಆ ಟೀಚರ್ ಒಂದು ನೋಟ್‌ಬುಕ್ ತಂದರು. ಅವರೇ ಕೈಯಲ್ಲಿ ಬರೆದದ್ದು. ಒಂದು ಕಡೆ ಇಂಗ್ಲಿಷ್, ಒಂದು ಕಡೆ ಮರಾಠಿ: ಅಡಿಷನ್ ಅಂದರೆ ಬೇರೀಜ್, ಸಬ್ಟ್ರಾಕ್ಷನ್ ಅಂದರೆ ವಜಾಬಾಕಿ. ಕನ್ನಡದ ಹುಡುಗರಿಗೆ ಏನೂ ಇಲ್ಲ ಅಂತ ಅವರಿಗೇ ಬೇಜಾರಿತ್ತು. ನೀವು ಬರೆದು ಕೊಡ್ತೀರಾ ಅಂತ ನನ್ನನ್ನು ಕೇಳಿದರು.

ಆ ನೋಟ್‌ಬುಕ್ಕಿನ ಝೆರಾಕ್ಸ್ ಈಗ ನಮ್ಮ ಮನೆಯಲ್ಲಿದೆ. ಸಂಜೆ ಹುಡುಗಿ ಬರುತ್ತಾಳೆ, ಜೊತೆಗೆ ಕನ್ನಡ ಶಾಲೆಯ ಆ ಹುಡುಗನೂ ಬರುತ್ತಾನೆ. ನಾನು ಮೂರನೇ ಕಾಲಂ ಎಳೆದಿದ್ದೇನೆ. ನಿನ್ನೆ 'ಸಬ್ಟ್ರಾಕ್ಷನ್' ಮುಂದೆ ಏನು ಬರೆಯೋಣ ಅಂತ ಕೇಳಿದೆ. 'ವ್ಯವಕಲನ' ಅಂತ ಪುಸ್ತಕದಲ್ಲಿದೆ ಅಂದ ಹುಡುಗ. ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದ ಅವನ ಅಜ್ಜಿ, "ಕಳಿಯೂದು ಅಂತ ಬರಿ, ಎಲ್ಲರಿಗೂ ತಿಳೀತದ" ಅಂದರು. ಎರಡನ್ನೂ ಬರೆದೆವು. ಇನ್ನೂ ನಲವತ್ತರ ಮೇಲೆ ಶಬ್ದ ಉಳಿದಿವೆ.